ಒಳಗೋಡೆಯ ನೀಲಿ

ಸುಣ್ಣದ ಕಲ್ಲಿನ ಮೇಲೆ ನೀರು ಬಿದ್ದದ್ದೇ ತಡ, ಗುಡಾಣ ಕೊತಕೊತ ಕುದಿಯತೊಡಗಿತು. ಕದಿರಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಬಾಗಿಲು ಹಾಕೆಂದು ಹೆಂಡತಿಗೆ ಸನ್ನೆ ಮಾಡಿದ. ಅಮ್ಮಾಜಮ್ಮ ಬಾಗಿಲೆಳೆದು ಅಗುಳಿ ಹಾಕಿದಳು. ಅದೂ ಸಾಲದು ಅನ್ನಿಸಿತೋ ಏನೋ, ಬಾಗಿಲಿಗೆ ಬೆನ್ನು ಕೊಟ್ಟು ನಿಂತುಕೊಂಡಳು. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ಒಳಗೆ ಸುಣ್ಣದ ಹಬೆ ಸೂರಿಗೆ ಮುಟ್ಟಿ, ಎಷ್ಟೋ ವರ್ಷದ ಮಸಿಯನ್ನು ಹನಿಹನಿಯಾಗಿ ಕೆಳಗಿಳಿಸುತ್ತಿತ್ತು.

"ಏನು ಸದ್ದಪ್ಪಾ ಇದು! ಪಟೇಲ್ರ ಮನೆಗಂಟ ಕೇಳ್ತೈತೆ," ಎಂದಳು.

"ಸುಣ್ಣ ಅರಳೋವಾಗ ಸದ್ದು ಮಾಡ್ದೆ ಜೋಗುಳ ಆಡ್ತೈತೇನೇ?"

"ಮೆತ್ತಗೆ ಮಾತಾಡು. ನಿನ್ನ ಗಂಟ್ಲು ಸುಣ್ಣಕ್ಕಿಂತ ಜೋರು."

ಕದಿರಪ್ಪ ನಕ್ಕು, ಕೋಲಿನಿಂದ ಗುಡಾಣ ತಿರುವಿದ. ನಕ್ಕನೇನೋ ಸರಿ, ಎದೆ ಮಾತ್ರ ಗುಡಾಣದ ಹಾಗೇ ಕುದಿಯುತ್ತಿತ್ತು. ನಲವತ್ತು ದಾಟಿದ ಗಂಡಸು, ತನ್ನ ಮನೆಯ ಗೋಡೆಗೆ ಸುಣ್ಣ ಬಳಿಯಲು ಕಳ್ಳನ ಹಾಗೆ ಅಗುಳಿ ಹಾಕಿಕೊಳ್ಳಬೇಕು! ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಯಾಕೆಂದರೆ ಬಣ್ಣ ಹೊಡೆಯುವುದೇ ಅವನ ಕಸುಬು. ಹದಿನೈದು ವರ್ಷದಿಂದ ಅವನು ಉರಿಗಾಂ ಚಿನ್ನದ ಗಣಿಯಲ್ಲಿ ಬಣ್ಣದ ಗ್ಯಾಂಗಿನ ಆಳು. ಗಣಿ ದೊರೆಗಳ ಬಂಗಲೆಗಳಿಗೆ ಕ್ರಿಸ್‌ಮಸ್ಸಿನ ಮುಂಚೆ ಒಳಗೆಲ್ಲ ಹೊಸ ಬಣ್ಣ ಆಗಬೇಕು. ಆ ಒಂದು ತಿಂಗಳು ಕದಿರಪ್ಪನಿಗೆ ಉಸಿರಾಡಲೂ ಪುರುಸೊತ್ತು ಇರುತ್ತಿರಲಿಲ್ಲ. ಚಳಿಗಾಲದಲ್ಲಿ ಗೋಡೆ ಎಷ್ಟು ಹೊತ್ತಿಗೆ ಒಣಗುತ್ತದೆ, ಅಂಟು ಎಷ್ಟು ಹಾಕಿದರೆ ಬಣ್ಣ ಮೈಗೆ ಹತ್ತುವುದಿಲ್ಲ, ಕುಂಚದ ಗೆರೆ ಕಾಣದ ಹಾಗೆ ಕೈ ಎತ್ತುವುದು ಹೇಗೆ, ಎಲ್ಲವೂ ಅವನಿಗೆ ಅಂಗೈ ರೇಖೆಯಷ್ಟು ಗೊತ್ತು. ದೊರೆಸಾನಿಯರು ಕಾಗದದ ಮೇಲೆ ಒಂದು ಬಣ್ಣ ತೋರಿಸಿದರೆ ಸಾಕು, ಬಕೀಟಿನಲ್ಲಿ ಅದನ್ನೇ ಕಲಸಿ ಕೊಡುತ್ತಿದ್ದ. ಅವರ ಊಟದ ಕೋಣೆ, ಮಲಗುವ ಕೋಣೆ, ಎಲ್ಲ ಕಡೆ ಅವನ ಏಣಿ ಹೋಗಿಬಂದಿತ್ತು. ಅವನು ಹೊರಗೆ ಬಂದ ಮೇಲೆ ಯಾವ ದೊರೆಸಾನಿಯೂ ಗಂಜಳ ಚಿಮುಕಿಸಿದ್ದನ್ನು ಅವನು ನೋಡಿರಲಿಲ್ಲ.

ಆದರೆ ಶನಿವಾರ ಸಂಜೆ ಮೂರು ಹರದಾರಿ ನಡೆದು ಕ್ಯಾಸಂಬಳ್ಳಿ ಆಚೆಯ ತನ್ನ ಊರಿಗೆ ಬಂದರೆ ಕತೆಯೇ ಬೇರೆ. ಅವನ ಕೇರಿ ಊರಿನಿಂದ ಒಂದು ಕೂಗಳತೆ ಆಚೆ. ಕೇರಿಯ ಗೋಡೆಗೆ ಸುಣ್ಣ ಹತ್ತಕೂಡದು. ಮಣ್ಣು ಮೆತ್ತು, ಸಗಣಿ ಸಾರಿಸು, ಅಷ್ಟೇ. ಬಿಳಿ ಗೋಡೆ ಊರಿನವರಿಗೆ. ಹೀಗಂತ ಯಾವ ಸರ್ಕಾರವೂ ಬರೆದಿರಲಿಲ್ಲ. ಬರೆಯದೇ ಇದ್ದದ್ದರಿಂದ ಅಳಿಸುವವರೂ ಇರಲಿಲ್ಲ.

ಒಮ್ಮೆ ಅವನಪ್ಪ ಚಿಕ್ಕವೆಂಕಟಪ್ಪ ತಂಗಿಯ ಮದುವೆಗೆಂದು ಬಾಗಿಲ ಎರಡೂ ಪಕ್ಕ ಒಂದೊಂದು ಮೊಳ ಸುಣ್ಣ ಬಳಿದಿದ್ದ. ಆಗ ಪಟೇಲನಾಗಿದ್ದವನು ಈಗಿನ ಪಟೇಲ ಶ್ರೀರಾಮಪ್ಪನ ತಂದೆ. ಕೇರಿಯವರನ್ನೆಲ್ಲ ಕರೆಸಿ ನಿಲ್ಲಿಸಿ, ಚಿಕ್ಕವೆಂಕಟಪ್ಪನನ್ನು ಮಂಡಿಯೂರಿಸಿ, ಕುಡುಗೋಲಿನಿಂದ ಆ ಸುಣ್ಣವನ್ನು ಕೆರೆಸಿದ. ಒಂದು ಪಕ್ಕ ಅಪ್ಪ ಕೆರೆದ. ಇನ್ನೊಂದು ಪಕ್ಕ ಕೆರೆದವನು ಆಗಷ್ಟೇ ತೋಟಿಯ ಕೋಲು ಹಿಡಿದಿದ್ದ ಆಂಜಿನಪ್ಪ. ಕೇರಿಯವನೇ, ಪಟೇಲನ ಮುಂದೆ ಕೋಲು ಕುಟ್ಟುತ್ತ ದಾರಿ ಬಿಡಿಸಿಕೊಂಡು ಹೋಗುವುದು ಅವನ ಕೆಲಸ. ಹೇಳಿದ್ದು ಮಾಡಿದ. ಕದಿರಪ್ಪನಿಗೆ ಆಗ ಏಳು ವರ್ಷ. ಅಪ್ಪ ಆಮೇಲೆ ಸಾಯುವ ತನಕ ಆ ಬಾಗಿಲಲ್ಲಿ ತಲೆ ತಗ್ಗಿಸಿಕೊಂಡೇ ಒಳಗೆ ಬರುತ್ತಿದ್ದ. ದೊಡ್ಡವನಾದ ಮೇಲೆ ಕದಿರಪ್ಪ ಮದುವೆಯಾದದ್ದು ಅದೇ ಆಂಜಿನಪ್ಪನ ತಂಗಿಯನ್ನು. ಚಿಕ್ಕ ಕೇರಿ, ಇನ್ನೆಲ್ಲಿಗೆ ಹೋಗುವುದು?

ಈಗ ಇವನಿಗೆ ಈ ಹುರುಪು ಬಂದದ್ದಕ್ಕೆ ಕಾರಣವಿತ್ತು. ಹೋದ ವರ್ಷ ಇದೇ ಚಳಿಯಲ್ಲಿ ಮಗಳು ವೆಂಕಟರತ್ನಮ್ಮ ಈ ಮನೆಯಲ್ಲೇ ಚೊಚ್ಚಲು ಹೆತ್ತಿದ್ದಳು. ಹನ್ನೆರಡು ದಿನ ಕೂಸು ಕೆಮ್ಮಿತು. ಹದಿಮೂರನೆಯ ದಿನ ಕೆಮ್ಮಲಿಲ್ಲ. ಗೋಲ್ಡ್‌ಫೀಲ್ಡಿನ ಒಬ್ಬ ನರ್ಸಮ್ಮ ಕದಿರಪ್ಪನ ಮಾತು ಕೇಳಿ, ಕಿಟಕಿಯಿಲ್ಲದ ಮನೆ, ಮಸಿ ಗೋಡೆ, ಹಸಿ ಮಣ್ಣು, ಮೊದಲು ಸುಣ್ಣ ಹೊಡಿಯಪ್ಪಾ, ಹುಳ ಸಾಯುತ್ತದೆ ಅಂದಿದ್ದಳು. ಈಗ ರತ್ನ ಮತ್ತೆ ತುಂಬಿಕೊಂಡು ಬಂದಿದ್ದಾಳೆ, ಇವತ್ತೋ ನಾಳೆಯೋ. ಆ ನಾಲ್ಕು ಗೋಡೆಯ ನಡುವೆಯೇ ಇನ್ನೊಂದು ಕೂಸನ್ನು ಮಲಗಿಸಲು ಅಮ್ಮಾಜಮ್ಮ ಸುತರಾಂ ಒಪ್ಪಲಿಲ್ಲ. ಕ್ರಿಸ್‌ಮಸ್ ರಜೆಯೆಂದು ಮೂರು ದಿನಕ್ಕೆ ಬಂದ ಗಂಡನಿಗೆ ಮುಖ ತೊಳೆಯಲೂ ಬಿಡದೆ ಹೇಳಿದ್ದಳು: "ದೊರೆಗಳ ಮಕ್ಳ ಗೋಡೆಗೆ ಬಣ್ಣ ಒಡ್ದಿದ್ದು ಸಾಕು. ನಿನ್ನ ಮೊಮ್ಮಗೂಗೆ ಒಡಿ."

ಮಗಳನ್ನು ಪಕ್ಕದ ಮನೆಯಲ್ಲಿ ಕೂರಿಸಿ ಗಂಡ ಹೆಂಡತಿ ಗೋಡೆಗೆ ಬಿದ್ದರು. ಅಮ್ಮಾಜಮ್ಮ ತೆಂಗಿನ ಚಿಪ್ಪಿನಿಂದ ಮಸಿ ಕೆರೆದಳು. ಕದಿರಪ್ಪ ಜಾಲಿ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಸುಣ್ಣಕ್ಕೆ ಸೇರಿಸಿ, ಕತ್ತಾಳೆ ನಾರಿನ ಕುಂಚವನ್ನು ಅದ್ದಿ ಮೊದಲ ಪಟ್ಟೆ ಎಳೆದ. ಕಪ್ಪು ಗೋಡೆಯ ಮೇಲೆ ಅದು ಒದ್ದೆ ಬೂದಿಯ ಹಾಗೆ ಕಂಡಿತು, ಒಣಗುತ್ತ ಬೆಳ್ಳಗಾಯಿತು. ಅಮ್ಮಾಜಮ್ಮ ಚಿಪ್ಪು ಕೆಳಗಿಟ್ಟು ಅದನ್ನೇ ನೋಡುತ್ತ ನಿಂತುಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ತಟ್ಟಿದ್ದು ಕೋಲಿನಲ್ಲಿ. ಅಂದಮೇಲೆ ಬಂದವನು ಆಂಜಿನಪ್ಪನೇ.

ಅವನು ಒಳಗೆ ಬಂದು, ಒಂದು ಗೋಡೆ ನೋಡಿದ, ಇನ್ನೊಂದು ಗೋಡೆ ನೋಡಿದ, ಕರೀ ಕಂಬಳಿಯನ್ನು ಬಿಗಿಯಾಗಿ ಹೊದ್ದುಕೊಂಡು ನೆಲದ ಮೇಲೆ ಕುಕ್ಕರಿಸಿದ.

"ತಲೆ ಕೆಟ್ಟೈತೇನ್ಲಾ ಕದಿರಾ?"

"ನೆಟ್ಟಗೈತೆ ಬಾವ. ಒರಗೆ ಒಂದು ಚುಕ್ಕೆ ಬಿದ್ದಿಲ್ಲ. ಒಳಗೆ ಬಳ್ಕೊಂಡ್ರೆ ಯಾರಪ್ಪನ ಗಂಟು ಓಯ್ತದೆ?"

"ಒಳಗೋ ಒರಗೋ, ಅವ್ರಿಗೆ ತಿಳುದ್ರೆ ಒಂದೇ."

"ನೀನು ಏಳ್ಬೇಡ, ತಿಳಿಯಲ್ಲ."

ಆಂಜಿನಪ್ಪ ತಲೆಯಾಡಿಸಿದ. ಅರವತ್ತರ ಹತ್ತಿರದ ಮನುಷ್ಯ, ಮಾತು ಕಮ್ಮಿ. "ನಾನಾಗಿ ಏಳಲ್ಲ. ಅವ್ರು ಕೇಳುದ್ರೆ ಸುಳ್ಳೇಳಾಕೆ ನನ್ನ ಕೈಲಾಗಲ್ಲ. ಅವ್ರ ರಾಗಿ ತಿಂದು ಬದುಕಿವ್ನಿ ಕಣ್ಲಾ. ಈಗ್ಲೇ ಏಳ್ಬಿಟ್ಟಿವ್ನಿ."

"ನಮ್ಮಪ್ಪನ ಗೋಡೆ ಕೆರ್ದಾಗ್ಲೂ ಇಂಗೇ ಏಳಿದ್ದೆ, ಅಲ್ವಾ?" ಎಂದುಬಿಟ್ಟ ಕದಿರಪ್ಪ. ಮೂವತ್ತೈದು ವರ್ಷ ಒಳಗಿದ್ದ ಮಾತು ಬಾಯಿಂದ ಜಾರಿತ್ತು. ಅಮ್ಮಾಜಮ್ಮ ಗಾಬರಿಯಿಂದ ಅಣ್ಣನ ಮುಖ ನೋಡಿದಳು. ಆಂಜಿನಪ್ಪ ಕೋಲೂರಿಕೊಂಡು ಎದ್ದು, ಬಾಗಿಲು ಸರಿಯಾಗಿ ಎಳೆದುಕೊಂಡೇ ಹೋದ.

ಮಾರನೆಯ ದಿನ ಕದಿರಪ್ಪ ತನ್ನ ಬುತ್ತಿ ಚೀಲದಿಂದ ಒಂದು ಡಬ್ಬಿ ತೆಗೆದ. ಒಳಗಿದ್ದದ್ದು ನೀಲಿ ಪುಡಿ. ಈ ವರ್ಷ ಒಬ್ಬ ದೊರೆಯ ಹೊಸ ಕೂಸಿನ ಕೋಣೆಗೆಂದು ತರಿಸಿದ್ದ ಬಣ್ಣದಲ್ಲಿ ಉಳಿದದ್ದು. ಏನು ಮಾಡೋದೆಂದು ತಮಿಳು ಮೇಸ್ತ್ರಿಯನ್ನು ಕೇಳಿದ್ದಕ್ಕೆ ಅವನು, "ಯಾರುಕ್ಕು ವೇಣುಂ, ನೀಯೇ ಎಡುತ್ತುಕ್ಕೋಪಾ," ಯಾರಿಗೆ ಬೇಕು, ನೀನೇ ಇಟ್ಕೋ ಎಂದು ಕೈಬೀಸಿಬಿಟ್ಟಿದ್ದ.

"ಸುಣ್ಣ ಸಾಲ್ದಾ?" ಎಂದಳು ಅಮ್ಮಾಜಮ್ಮ. "ಉಳ ಸಾಯಾಕೆ ಸುಣ್ಣ ಸಾಕು. ಇದ್ಯಾಕೆ?"

"ಸಾಲ್ದು."

"ಯಾಕೆ ಅಂತೀನಿ?"

"ಆ ದೊರೆ ಕೂಸು ಕಣ್ಣು ಬಿಟ್ರೆ ಈ ಬಣ್ಣ ಕಾಣ್ತೈತೆ. ಬಳ್ದಿದ್ದು ಇದೇ ಕೈ. ನಮ್ಮ ಕೂಸು ಕಣ್ಣು ಬಿಟ್ರೆ ಮಸಿ ಯಾಕೆ ಕಾಣ್ಬೇಕು?"

ಅಮ್ಮಾಜಮ್ಮ "ಅಂಗಾದ್ರೆ ನಿಂತು ನೋಡ್ತೀಯೇನು, ಕಲಸು," ಎಂದು ಬಕೀಟು ಮುಂದೆ ತಳ್ಳಿದಳು.

ಮೊದಲ ಕೋಟು ಪೂರಾ ಒಣಗಿರಲಿಲ್ಲ. ಬಂಗಲೆಯಲ್ಲಾದರೆ ಇನ್ನೂ ಎರಡು ದಿನ ಕಾಯುತ್ತಿದ್ದ. ಇಲ್ಲಿ ಕಾಯಲು ಯಾರಿಗೆ ಬಿಡುವು? ಹಸಿಯ ಮೇಲೇ ಎಳೆದ. ಸಂಜೆಗೆ ನಾಲ್ಕೂ ಗೋಡೆ ನೀಲಿಯಾಗಿ, ಮನೆ ಹಿಂದಿಗಿಂತ ಎರಡರಷ್ಟು ದೊಡ್ಡದಾದಂತೆ ಕಂಡಿತು. ರತ್ನಳನ್ನು ಕರೆದುಕೊಂಡು ಬಂದರು. ಅವಳು ಹೊಸ್ತಿಲ ಮೇಲೆ ನಿಂತು, "ಇದ್ಯಾರ ಮನೆ ಅಪ್ಪಾ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆ ಖುಷಿಯ ಅಮಲಿನಲ್ಲೇ ಕದಿರಪ್ಪ ಒಂದು ಪೆದ್ದು ಕೆಲಸ ಮಾಡಿಬಿಟ್ಟ.

ಬಂಗಲೆಯಲ್ಲಿ ಕೆಲಸ ಮುಗಿದರೆ ಮೊದಲು ಕುಂಚ ತೊಳೆಯಬೇಕು. ಇಲ್ಲದಿದ್ದರೆ ಮೇಸ್ತ್ರಿ ಮೈಮೇಲೆ ಬರುತ್ತಾನೆ. ಹದಿನೈದು ವರ್ಷದ ಅಭ್ಯಾಸ. ಕೈ ತನ್ನ ಪಾಡಿಗೆ ತಾನು ಬಕೀಟು ಎತ್ತಿಕೊಂಡು ಹೊರಗೆ ಹೋಯಿತು, ಕುಂಚ ತೊಳೆದು ನೀರನ್ನು ಓಣಿಗೆ ಚೆಲ್ಲಿತು. ನೀಲಿ ನೀರು ಇಳಿಜಾರಿನಲ್ಲಿ ಸರಸರ ಹರಿದು, ಕೆರೆಯಿಂದ ಎಮ್ಮೆ ಹೊಡೆದುಕೊಂಡು ಬರುವ ದಾರಿಯ ತಗ್ಗಿನಲ್ಲಿ ಹೋಗಿ ನಿಂತಿತು. ಅವನಿಗೆ ಹೊಳೆದದ್ದು ಆಮೇಲೆ. ಓಡಿಹೋಗಿ ಮಣ್ಣು ಮುಚ್ಚೋಣವೆಂದು ಹೊರಟವನನ್ನು ಒಳಗಿನಿಂದ ಅಮ್ಮಾಜಮ್ಮ ಕೂಗಿದಳು. ರತ್ನಳಿಗೆ ನೋವು ಶುರುವಾಗಿತ್ತು.

ಬೆಳಗಿನ ಜಾವಕ್ಕೆ ಹೆಣ್ಣುಕೂಸು ಹುಟ್ಟಿತು. ಅತ್ತದ್ದು ಎಷ್ಟು ಜೋರಾಗಿತ್ತೆಂದರೆ ಸೂಲಗಿತ್ತಿ ನಕ್ಕುಬಿಟ್ಟಳು.

ಬಿಸಿಲು ಬೀಳುವ ಮುಂಚೆಯೇ ಕೇರಿಯ ಬಾಯಲ್ಲಿ ಕೋಲಿನ ಸದ್ದು ಕೇಳಿಸಿತು. ಕದಿರಪ್ಪ ಹೊರಗೆ ಬಂದ. ಮುಂದೆ ಆಂಜಿನಪ್ಪ ಕೋಲು ಕುಟ್ಟುತ್ತ, ಹಿಂದೆ ಬಿಳೀ ರುಮಾಲು ಸುತ್ತಿದ ಪಟೇಲ ಶ್ರೀರಾಮಪ್ಪ. ಪಟೇಲ ಸಾಮಾನ್ಯಕ್ಕೆ ಕೇರಿಯೊಳಗೆ ಕಾಲಿಡುವವನಲ್ಲ. ಇವತ್ತು ಮನೆಯಿಂದ ಹತ್ತು ಹೆಜ್ಜೆ ದೂರದವರೆಗೂ ಬಂದು ನಿಂತ. ಅವನ ಕಣದಲ್ಲಿ ರಾಗಿ ಒಕ್ಕಲು ಹೊರಟಿದ್ದ ಕೇರಿಯ ಹೆಂಗಸರು ಗಂಡಸರೆಲ್ಲ ಹೋಗದೆ ಅಲ್ಲಲ್ಲೇ ನಿಂತರು.

"ಏನೋ ಕದಿರಾ, ಮನೆ ಒಳಗೆ ಬಂಗಲೆ ಕಟ್ಟಿದ್ದೀಯಂತೆ?"

"ಮೊಮ್ಮಗಳು ಉಟ್ಟವ್ಳೆ ಬುದ್ದಿ."

"ನಾನು ಅದನ್ನ ಕೇಳಲಿಲ್ಲ. ನಿನ್ನೆ ಸಂಜೆ ನನ್ನ ಎಮ್ಮೆಗಳು ನೀಲಿ ಕಾಲು ಮಾಡ್ಕೊಂಡು ಕೊಟ್ಟಿಗೆಗೆ ಬಂದವೆ."

ಯಾರೋ ಹಿಂದೆ ಕಿಸಕ್ಕೆಂದು ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ಪಟೇಲನ ಮುಖ ಕೆಂಪಗಾಯಿತು.

"ನಿಮ್ಮಪ್ಪಂದು ನೆನಪೈತೇನೋ?"

"ಐತೆ. ಇಲ್ಲೇ ನಿಂತು ನೋಡಿವ್ನಿ."

"ನೆನಪಿದ್ದೂ ಈ ಕೊಬ್ಬಾ?"

ಹಿಂದೆ ಒಳಗಿನಿಂದ ಕೂಸಿನ ಸದ್ದು ಬಂತು, ಅಳುವಲ್ಲ, ಏನೋ ಚಪ್ಪರಿಸುವ ಸದ್ದು. ಅದನ್ನು ಕೇಳಿದ ಮೇಲೆ ಕದಿರಪ್ಪನ ಕಾಲು ನೆಲಕ್ಕೆ ನಾಟಿಕೊಂಡಿತು.

"ಒರಗೋಡೆ ನೋಡ್ಕೊಳ್ಳಿ. ಸಗಣಿ ಸಾರ್ಸಿದ್ದು ಅಂಗೇ ಐತೆ," ಎಂದ.

"ಒಳಗೆ?"

"ಒಳಗಿರೋದು ಒಳಗಿರೋರಿಗೆ. ಅನುಮಾನ ಇದ್ರೆ ಬಂದು ನೋಡಿ ಪಟೇಲ್ರೇ. ಬಾಗ್ಲು ತೆಗ್ದೇ ಐತೆ. ದೊರೆಗಳ ಮನೆ ಒಳಿಕ್ಕೆ ನಾನು ಓಯ್ತೀನಿ, ನನ್ನ ಮನೆ ಒಳಿಕ್ಕೆ ನೀವು ಬರಬಾರ್ದಾ?"

ಬುದ್ದಿ ಎನ್ನುವ ಮಾತು ಆಗಲೇ ಬಿಟ್ಟುಹೋಗಿತ್ತು. ಪಟೇಲ ಒಂದು ಹೆಜ್ಜೆ ಮುಂದಿಟ್ಟ. ಪಡುವಣ ಬಾಗಿಲಿನ ಮನೆ; ಈ ಹೊತ್ತಿನಲ್ಲಿ ಹೊರಗೆ ನಿಂತವನಿಗೆ ಒಳಗೆ ಕತ್ತಲೆ ಬಿಟ್ಟು ಏನೂ ಕಾಣುವಂತಿರಲಿಲ್ಲ. ನೋಡಬೇಕಾದರೆ ತಲೆ ಬಗ್ಗಿಸಿ ಹೊಸ್ತಿಲು ದಾಟಬೇಕು. ಹೊಸ್ತಿಲು ಯಾರದು? ಸಾಲದ್ದಕ್ಕೆ ಒಳಗೆ ಹಸಿ ಬಾಣಂತಿ. ಅವನ ಹೆಜ್ಜೆ ಅಲ್ಲೇ ನಿಂತಿತು. ಕದಿರಪ್ಪನಿಗೆ ಒಂದು ಗಳಿಗೆ, ಗೆದ್ದೆ ಅನ್ನಿಸಿತು.

"ಆಂಜಿನಪ್ಪಾ," ಎಂದ ಪಟೇಲ. "ನೀನು ಹೋಗಿ ನೋಡ್ಕೊಂಡು ಬಾ. ಬಣ್ಣ ಇದ್ರೆ ಇವತ್ತೇ ಇವನ ಕೈಲೇ ಕೆರೆಸ್ತೀನಿ. ಸಂಕ್ರಾಂತಿ ಒಳಗೆ ಸೂರು ಕೀಳಿಸ್ತೀನಿ."

ಇದೊಂದು ಕದಿರಪ್ಪನಿಗೆ ಹೊಳೆದೇ ಇರಲಿಲ್ಲ. ಕೆರೆದರೆ ಏಳುವ ಸುಣ್ಣದ ಧೂಳು, ಇನ್ನೂ ಒಂದು ದಿನ ತುಂಬದ ಕೂಸು, ಸೂರಿಲ್ಲದ ಪುಷ್ಯದ ರಾತ್ರಿಗಳು, ಎಲ್ಲ ಒಂದೇ ಸಲಕ್ಕೆ ಕಣ್ಣ ಮುಂದೆ ಬಂದವು. ಆಂಜಿನಪ್ಪ ಕೋಲನ್ನು ಗೋಡೆಗೆ ಒರಗಿಸಿ, ಯಾರ ಮುಖವನ್ನೂ ನೋಡದೆ ತಲೆ ಬಗ್ಗಿಸಿ ಒಳಗೆ ಹೋದ. ಕದಿರಪ್ಪ ಹಿಂದೆಯೇ ನುಗ್ಗಿದ.

ಒಳಗೆ ಕೆಂಡದ ಮಡಕೆಯ ಪಕ್ಕ ರತ್ನ ಕೂಸನ್ನು ತಬ್ಬಿ ಮಲಗಿದ್ದಳು. ಅಮ್ಮಾಜಮ್ಮ ಅವರಿಬ್ಬರಿಗೂ ಅಡ್ಡವಾಗಿ, ಕೈಯಲ್ಲಿ ತೆಂಗಿನ ಚಿಪ್ಪು ಹಿಡಿದು ನಿಂತಿದ್ದಳು. ಚಿಪ್ಪಿನಿಂದ ಯಾರನ್ನು ಹೊಡೆಯುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಆಂಜಿನಪ್ಪನ ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಗೋಡೆಗಳು ಒಂದೊಂದಾಗಿ ನೀಲಿಯಾದವು. ಮೂರು ದಿನದ ಮಂಜಿಗೆ ಅವು ಇನ್ನೂ ಆರಿರಲಿಲ್ಲ, ಕೆಂಡದ ಬೆಳಕಿಗೆ ಹಸಿಹಸಿಯಾಗಿ ಹೊಳೆಯುತ್ತಿದ್ದವು.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು ಅಮ್ಮಾಜಮ್ಮ.

ಅವನು ಅವಳ ಕಡೆ ನೋಡಲಿಲ್ಲ. ಬಗ್ಗಿ ಕೂಸಿನ ಮುಖದ ಹತ್ತಿರ ಕಿವಿ ತಂದ.

"ಉಸ್ರು ಸಲೀಸಾಗೈತೇನಮ್ಮಾ?"

"ಐತೆ ಮಾವ," ಎಂದಳು ರತ್ನ. "ಕೆಮ್ಮಿಲ್ಲ."

"ಏನೋ ಅಷ್ಟು ಹೊತ್ತು?" ಎಂದು ಹೊರಗಿನಿಂದ ಪಟೇಲ ಕೂಗಿದ.

ಆಂಜಿನಪ್ಪ ನೆಟ್ಟಗಾಗಿ, ಹಾಗೇ ಹಿಂದೆ ಸರಿದು ಗೋಡೆಗೆ ಒರಗಿದ. ಸುಸ್ತಾದವನು ಒರಗಿದ ಹಾಗೆ, ಹೆಗಲು ಬೆನ್ನು ಎಲ್ಲ ಊರಿ, ಕಣ್ಣು ಮುಚ್ಚಿದ. "ಬಾವ, ಗೋಡೆ ಅಸಿ ಐತೆ," ಎಂದು ಕದಿರಪ್ಪ ಪಿಸುಗುಟ್ಟಿದ. ಬಣ್ಣದವನ ಬಾಯಿ, ಆ ಹೊತ್ತಿನಲ್ಲೂ ಅದೇ ಮಾತು ಬಂತು. "ಗೊತ್ತು ಸುಮ್ಕಿರ್ಲಾ," ಎಂದ ಆಂಜಿನಪ್ಪ. ಆಮೇಲೆ ಹೊರಗೆ ನಡೆದ.

ಬಾಗಿಲಲ್ಲಿ ನಿಂತು, ಪಟೇಲನಿಗೆ ಮುಖ ಕೊಟ್ಟು ಹೇಳಿದ: "ಒಳಗೆ ಕತ್ಲೆ ಬುದ್ದಿ. ನಂಗೂ ಕಣ್ಣು ಸಾಲ್ದು. ಎಂಗಿತ್ತೋ ಅಂಗೇ ಐತೆ."

"ಹಂಗೇ ಐತಾ? ನೆಟ್ಟಗೆ ನೋಡ್ದೇನೋ?"

"ನೋಡ್ದೆ. ತಮಗೆ ಸಮಾಧಾನ ಆಗ್ದಿದ್ರೆ ತಾವೇ ಒಂದೆಜ್ಜೆ ಒಳಿಕ್ಕೆ ಬಂದು ನೋಡ್ಬೋದು."

ಕದಿರಪ್ಪನಿಗೆ ಕಿವಿ ನಂಬಲಾಗಲಿಲ್ಲ. ಪಟೇಲ ಕಣ್ಣು ಕಿರಿದು ಮಾಡಿ ತೋಟಿಯ ಮುಖವನ್ನೇ ದಿಟ್ಟಿಸಿದ. ಆ ಮುಖದಲ್ಲಿ ಏನೂ ಇರಲಿಲ್ಲ.

"ಸುಳ್ಳಾಗಿದ್ರೆ?"

"ಇಷ್ಟು ವರ್ಷ ತಮ್ಮ ಮುಂದೆ ನಡ್ದಿವ್ನಿ. ಯಾವತ್ತಾದ್ರೂ ಸುಳ್ಳೇಳಿವ್ನಾ?" ಎಂದು ಆಂಜಿನಪ್ಪ ಗೋಡೆಗೊರಗಿಸಿದ್ದ ಕೋಲು ತೆಗೆದುಕೊಂಡ. "ಒತ್ತೇರ್ತೈತೆ. ಓಗಾನ ಬುದ್ದಿ."

ಹೇಳಿ, ಪದ್ಧತಿಯಂತೆ ಪಟೇಲನನ್ನು ಬಳಸಿಕೊಂಡು ಮುಂದೆ ಹೋಗಿ, ಊರಿನ ಕಡೆ ತಿರುಗಿ ನಿಂತ.

ಆಗ ಅವನ ಬೆನ್ನು ಎಲ್ಲರಿಗೂ ಕಂಡಿತು. ಕರೀ ಕಂಬಳಿಯ ಮೇಲೆ ಹೆಗಲಿನಿಂದ ಸೊಂಟದವರೆಗೆ ನೀಲಿ. ಒದ್ದೆಯಾಗಿ, ದಟ್ಟವಾಗಿ, ಒಂದು ಜಮಖಾನದಷ್ಟು ಅಗಲ. ಪಟೇಲನ ಬಾಯಿ ತೆರೆಯಿತು. ಅವನು ಆ ಬೆನ್ನು ನೋಡಿದ, ಕದಿರಪ್ಪನ ಬಾಗಿಲು ನೋಡಿದ, ಸುತ್ತ ನಿಂತಿದ್ದ ಜನವನ್ನು ನೋಡಿದ. ಕಣದಲ್ಲಿ ಅವನ ರಾಗಿ ಮೆದೆ ಹಾಗೇ ಕೂತಿತ್ತು. ಒಕ್ಕಬೇಕಾದ ಕೈಗಳೆಲ್ಲ ಇಲ್ಲಿ ಎದೆಯ ಮೇಲೆ ಕಟ್ಟಿಕೊಂಡು ನಿಂತಿದ್ದವು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಆಂಜಿನಪ್ಪ ಕೋಲು ಕುಟ್ಟಿದ. "ದಾರಿ ಬಿಡ್ರಪ್ಪೋ, ಪಟೇಲ್ರು ಬತ್ತಾವ್ರೆ!" ಎಂದು ದಿನದ ಹಾಗೇ ಕೂಗಿ ಹೊರಟ. ಬೇರೆ ದಾರಿಯಿಲ್ಲದೆ ಪಟೇಲನೂ ಹಿಂದೆ ಹೆಜ್ಜೆ ಹಾಕಿದ.

ಅಮ್ಮಾಜಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸ್ತಿಲಿಗೆ ಬಂದಳು. ಕದಿರಪ್ಪ ಅವಳ ಪಕ್ಕ ನಿಂತು ನೋಡಿದ. ಕೇರಿ ದಾಟಿ, ಎಮ್ಮೆಯ ದಾರಿ ದಾಟಿ, ಊರಿನ ಸುಣ್ಣದ ಗೋಡೆಗಳ ನಡುವೆ ಅವರಿಬ್ಬರೂ ಹೋಗುತ್ತಿದ್ದರು. ಮಂಜಿನಲ್ಲಿ ಪಟೇಲನ ಬಿಳೀ ರುಮಾಲು ಮೊದಲು ಕರಗಿತು. ಅದರ ಮುಂದೆ ಆ ನೀಲಿ ಇನ್ನೂ ಕಾಣುತ್ತಿತ್ತು. ಆಂಜಿನಪ್ಪ ಅದನ್ನು ಕೊಡವಿಕೊಳ್ಳಲಿಲ್ಲ, ಅವಸರಿಸಲೂ ಇಲ್ಲ.